ಮನೆಗಾಡಿಯಲ್ಲಿ ಮದುವೆ ಕರೆಯಲು ಹೋದದ್ದು

ಜನವರಿ ೩೦, ಗುರುವಾರ. ಶ್ರೀರಂಗಪಟ್ಟಣ

ಮಗಳು ಯಶೋಧ ತಾನು ನರ್ಸಾಗಿರುವ ಮೈಸೂರಿನ ಆಸ್ಪತ್ರೆಯಿಂದ ತಂದುಕೊಟ್ಟ ಡೈರಿ ಇದು. ಯಾವುದೋ ಮಾತ್ರೆ ಕಂಪನಿಯವರು ಹಂಚಿದ್ದು. ಪ್ರತಿ ಹಾಳೆಯ ತಲೆಯಲ್ಲೂ ಒಂದು ಕಿಡ್ನಿಯ ಚಿತ್ರ. ಯಾರ್ಯಾರನ್ನು ಮದುವೆಗೆ ಕರೆದೆವು ಎಂದು ಗುರುತು ಹಾಕಿಕೊಳ್ಳಲು ಕೊಟ್ಟಳು. ಬರೀ ಹೆಸರು ಬರೆಯಲು ಇಷ್ಟು ದಪ್ಪ ಡೈರಿ ಯಾಕೆ? ಏಳನೇ ಕ್ಲಾಸಿನಲ್ಲಿ ನನ್ನ ಅಕ್ಷರವನ್ನು ಮೇಷ್ಟ್ರು ಇಡೀ ಸ್ಕೂಲಿಗೆ ಎತ್ತಿ ತೋರಿಸಿದ್ದರು. ಯಾಕೆ ತೋರಿಸಿದರು ಎಂಬ ವಿಚಾರ ಈಗ ಬೇಡ.

ಯಶೋಧಳ ಮದುವೆ ಫೆಬ್ರವರಿ ೨೩ಕ್ಕೆ. ನೆಂಟರು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನಲ್ಲಿ ಚೆಲ್ಲಿಕೊಂಡಿದ್ದಾರೆ. ಫೋನಿನಲ್ಲಿ ಕರೆದರೆ ನಮ್ಮ ಕಡೆ ಯಾರೂ ಬರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಹೋಗಬೇಕು, ಹೊಸ್ತಿಲು ದಾಟಿ ಒಳಗೆ ಕೂರಬೇಕು, ಕುಂಕುಮ ಇಟ್ಟು ಎಲೆ ಅಡಿಕೆಯ ಜೊತೆ ಪತ್ರಿಕೆ ಕೊಡಬೇಕು. ಬಾಗಿಲಾಚೆ ನಿಂತು ಕೊಟ್ಟರೆ ಅದು ಕರೆದ ಲೆಕ್ಕಕ್ಕೇ ಬರುವುದಿಲ್ಲ.

ಹೆಂಡತಿ ಬೀರಮ್ಮನಿಗೆ ಸೊಂಟದ ಡಿಸ್ಕು ಜರುಗಿದೆ, ಬಸ್ಸಿನಲ್ಲಿ ಅರ್ಧ ಗಂಟೆ ಕೂರಲಾರಳು. ನಾಯಿಗಳನ್ನು ಬಿಟ್ಟುಹೋಗೋಣವೆಂದರೆ ಪಕ್ಕದ ಮನೆ ಸಿದ್ದಲಿಂಗಮ್ಮ ಕೈ ಮುಗಿದುಬಿಟ್ಟಳು. ಹೋದ ಸಲ ನೋಡಿಕೊಳ್ಳುತ್ತೇನೆಂದು ಒಪ್ಪಿ ಮೂರು ಕೋಳಿ ಕಳೆದುಕೊಂಡವಳು ಅವಳು. ಇದಕ್ಕೆಲ್ಲ ಒಂದೇ ಔಷಧಿ ಕಂಡುಹಿಡಿದವನು ನಾನು. ಗುಜರಿಗೆ ಹೋಗಬೇಕಿದ್ದ ಸ್ಕೂಲ್ ವ್ಯಾನು ತಂದು, ಹಿಂದಿನ ಸೀಟುಗಳನ್ನು ಕೀಳಿಸಿ, ಮಲಗಲು ಹಲಗೆ, ಗ್ಯಾಸ್ ಒಲೆ, ಮೇಲೆ ನೀರಿನ ಟ್ಯಾಂಕು, ಹಿಂಬದಿಯಲ್ಲಿ ನಾಯಿಗಳಿಗೆ ಗೋಣಿತಾಟು ಹಾಕಿಸಿದೆ. ಮನೆಗಾಡಿ ಎಂದು ಹೆಸರಿಟ್ಟಿದ್ದೇನೆ. ಮೂವತ್ತೊಂದು ವರ್ಷ ಹಾಲಿನ ವ್ಯಾನು ಓಡಿಸಿದ್ದೇನೆ. ಈ ನಾಲ್ಕು ತಾಲ್ಲೂಕಿನ ಗುಂಡಿಗಳೆಲ್ಲ ನನಗೆ ನಮಸ್ಕಾರ ಹೇಳುತ್ತವೆ.

ದೊಡ್ಡ ನಾಯಿ ಅಮಲ್ದಾರ. ಕೂತರೆ ಏಳುವುದಿಲ್ಲ, ಎದ್ದರೆ ತಿನ್ನದೆ ಹೋಗುವುದಿಲ್ಲ, ಅದಕ್ಕೇ ಆ ಹೆಸರು. ಚಿಕ್ಕದು ಪಿಂಕಿ. ಅದು ಯಶೋಧ ಇಟ್ಟ ಹೆಸರು, ನನ್ನ ಜವಾಬ್ದಾರಿಯಿಲ್ಲ.

ಹೊರಡುವಾಗಲೇ ಬೀರಮ್ಮ ತಕರಾರು ತೆಗೆದಳು. "ಮೊದ್ಲ ಕರೆ ಸೋದರಮಾವಂಗೆ. ನಮ್ಮಣ್ಣನ ಮನೆಗ್ ನಡಿ." ಅವಳ ಅಣ್ಣ ಕರಿಯಯ್ಯ ಇರುವುದು ನಾಗಮಂಗಲದಾಚೆ.

"ಅಲ್ಲಿಗಂಟ ಓಗಿ ತಿರ್ಗ ಇಲ್ಲಿಗ್ ಬರಕ್ಕೆ ಡೀಸೆಲ್ ನಿಮ್ಮಣ್ಣ ಆಕುಸ್ತಾನಾ? ದಾರಿ ಮೇಲ್ ಸಿಕ್ಕೋರ್ನ ಕರ್ಕಂಡ್ ಓಗನ. ಅವ್ನು ಕೊನೇಗೆ."

ಎಂಟು ವರ್ಷದಿಂದ ಕರಿಯಯ್ಯ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವನ ಹೊಸ ಮನೆಯ ಗೃಹಪ್ರವೇಶದಲ್ಲಿ ಒಂದು ಸಣ್ಣ ತಮಾಷೆ ನಡೆಯಿತು. ಹಾಡಿಗೆಂದು ಇಟ್ಟಿದ್ದ ಮೈಕು ಹಿಡಿದು, ತಲೆಬಾಗಿಲಿನ ಈ ತೇಗದ ಬಾಗಿಲುವಾಡ ಭಾವನಿಗೆ ನನ್ನ ಉಡುಗೊರೆ ಎಂದುಬಿಟ್ಟೆ. ಅದರಲ್ಲಿ ಅರ್ಧ ನಿಜ. ಮರ ಸಾಗಿಸಿದ್ದು ನನ್ನ ಗಾಡಿಯಲ್ಲಿ. ಆ ಊರಿನವರು ಅದನ್ನು ಅಂದಾನಯ್ಯನ ಬಾಗಿಲು ಎಂದು ನನ್ನ ಹೆಸರಿನಿಂದಲೇ ಕರೆಯತೊಡಗಿದರೆ ನಾನೇನು ಮಾಡಲಿ? "ಇನ್ಮೇಲೆ ಈ ಬಾಗ್ಲು ದಾಟ್ಬ್ಯಾಡ" ಎಂದ ಕರಿಯಯ್ಯ. ನಾನು ದಾಟಲಿಲ್ಲ. ನನಗೂ ಮರ್ಯಾದೆ ಇದೆ.

ಆದರೆ ಮದುವೆಯ ದಿನ ಹೆಣ್ಣಿನ ಕೈ ಹಿಡಿದು ಮಂಟಪಕ್ಕೆ ತರುವವನು ಸೋದರಮಾವ. ಅವನು ಬದುಕಿದ್ದೂ ಬರದಿದ್ದರೆ ಛತ್ರದ ತುಂಬ ಅದೇ ಮಾತು.

ಮಧ್ಯಾಹ್ನ ರೈಲ್ವೆ ಸ್ಟೇಷನ್ನಿನ ಹಿಂದಿರುವ ದೊಡ್ಡತಾಯಮ್ಮನ ಮನೆ. ಬೀರಮ್ಮನಿಗೆ ಚಿಕ್ಕಮ್ಮ ಆಗಬೇಕು. ಕುಂಕುಮ ಇಡುವುದಕ್ಕೂ ಬಿಡಲಿಲ್ಲ ಮುದುಕಿ. "ಕರಿಯಯ್ಯನ್ ಕರ್ದು ಬಂದ್ರಾ?"

"ಮೊದ್ಲ ಕರೆ ಅವ್ರಿಗೇ ಅಲ್ವೇನವ್ವ. ಆಗೋಯ್ತು" ಎಂದೆ.

"ಮಾತಾಡಿದ್ನಾ?"

"ಮಾತೇನ್ ಬಂತು! ತೋಳು ಇಡ್ಕಂಡು ಅತ್ಬುಟ್ಟ."

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀರಮ್ಮ ನನ್ನ ಕಡೆ ನೋಡದೆ ಎಲೆಯ ತೊಟ್ಟು ಮುರಿಯುತ್ತಿದ್ದಳು. ಅಷ್ಟೊಂದು ಎಲೆ ಅಲ್ಲಿ ಬೇಕಿರಲಿಲ್ಲ.

ಫೆಬ್ರವರಿ ೧, ಶನಿವಾರ. ಪಾಂಡವಪುರ

ನಿನ್ನೆ ಇವತ್ತು ಸೇರಿ ಒಂಬತ್ತು ಮನೆ. ಎಲ್ಲ ಕಡೆ ಜನ ಮೊದಲು ನೋಡುವುದು ಮನೆಗಾಡಿ, ಆಮೇಲೆ ಪತ್ರಿಕೆ. ಒಬ್ಬ ಹಲಗೆಯ ಮೇಲೆ ಮಲಗಿ ನೋಡಿದ, ಇನ್ನೊಬ್ಬ ಒಲೆ ಹಚ್ಚಿ ನೋಡಿದ. ನಕ್ಷೆಯೆಲ್ಲ ನನ್ನ ತಲೆಯಿಂದಲೇ ಬಂದದ್ದು ಎಂದು ವಿವರಿಸಿದೆ. ವೆಲ್ಡಿಂಗಿನವನ ಹೆಸರು ಯಾರೂ ಕೇಳಲಿಲ್ಲ.

ಪಿಂಕಿ ಪತ್ರಿಕೆಗಳ ಮೂಲೆಗೆ ಹಚ್ಚಿದ್ದ ಅರಿಶಿನವನ್ನೆಲ್ಲ ನೆಕ್ಕಿದೆ. ಹದಿನಾಲ್ಕು ಪತ್ರಿಕೆಗೆ ಮತ್ತೆ ಹಚ್ಚಬೇಕಾಯಿತು. ಅದರ ಮೂತಿ ಮದುವಣಗಿತ್ತಿಯ ಹಾಗೆ ಹಳದಿ.

ಬೀರಮ್ಮನ ಕಡೆಯ ನೆಂಟಳು ಚಲುವಮ್ಮನ ಮನೆಯಲ್ಲೂ ಅದೇ ಪ್ರಶ್ನೆ. ಒಮ್ಮೆ ಹೇಳಿದ್ದನ್ನು ಇನ್ನೊಂದು ಮನೆಯಲ್ಲಿ ಬದಲಾಯಿಸಿದರೆ ಸಿಕ್ಕಿಬೀಳುತ್ತೇವೆ, ಆದ್ದರಿಂದ ಕರಿಯಯ್ಯ ಅತ್ತದ್ದನ್ನು ಇಲ್ಲಿಯೂ ಹೇಳಿದೆ. ಮೊಸರನ್ನ ಬಡಿಸಿ ದಾರಿಗೆ ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟದ್ದನ್ನೂ ಸೇರಿಸಿದೆ. ಬರೀ ಅತ್ತ ಎಂದರೆ ನಂಬಿಕೆ ಬರುವುದಿಲ್ಲ.

ವ್ಯಾನು ಹತ್ತಿದ ಮೇಲೆ ಬೀರಮ್ಮ ಕೇಳಿದಳು. "ಯೋವ್, ಮಿಠಾಯಿ ಎಲ್ಲಿ ಮಡ್ಗಿದ್ದೀಯ?"

"ಯಾವ್ ಮಿಠಾಯಿ?"

"ನಮ್ಮಣ್ಣ ಕಟ್ಕೊಟ್ನಲ್ಲ, ಅದು."

ನಕ್ಕೆ. ಅವಳು ನಗಲಿಲ್ಲ.

ಫೆಬ್ರವರಿ ೪, ಮಂಗಳವಾರ. ಬೂಕನಕೆರೆಯ ಹತ್ತಿರ

ಮಂಗಳವಾರ ಶುಭಕಾರ್ಯಕ್ಕೆ ಕರೆಯುವಂತಿಲ್ಲ ಎಂದು ಬೀರಮ್ಮ. ಗಾಡಿಯನ್ನು ನಾಲೆಯ ಪಕ್ಕ ಹೊಂಗೆಮರದ ನೆರಳಿಗೆ ಹಾಕಿದೆ. ನಾಯಿಗಳಿಗೆ ಸ್ನಾನ. ಅಮಲ್ದಾರ ನೀರಿಗೆ ಇಳಿದವನು ಮೇಲೆ ಬರಲೊಲ್ಲ. ನಾನು ಎಳೆಯಲು ಹೋಗಿ ಪಂಚೆ ಸಮೇತ ಬಿದ್ದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕರು. ಈಜು ತೋರಿಸಲೆಂದೇ ಬಿದ್ದೆ ಎಂದೆ.

ಬೀರಮ್ಮ ಹಲಗೆಯ ಮೇಲೆ ಅಂಗಾತ ಮಲಗಿ ಗಾಡಿಯ ತಗಡು ನೋಡುತ್ತಿದ್ದಳು. ಬೆನ್ನು ನೋವೇ ಎಂದರೆ ಇಲ್ಲ ಎಂದಳು. ಏನು ಯೋಚನೆ ಎಂದರೆ, "ಮಗೀನ ಕೈ ಯಾರ್ ಇಡ್ಕಬೇಕು ಅಂತ" ಎಂದಳು. ಅವಳಿಗೆ ಇರುವುದು ಒಬ್ಬನೇ ಅಣ್ಣ.

ಇಲ್ಲಿ ಒಂದು ತಿದ್ದುಪಡಿ ಹಾಕಬೇಕು. ಮರ ಸಾಗಿಸಿದ್ದು ನನ್ನ ಗಾಡಿಯಲ್ಲಿ ಎಂದು ಗುರುವಾರ ಬರೆದೆ. ಗಾಡಿ ಕೊಡುತ್ತೇನೆ ಎಂದು ಹೇಳಿದ್ದೆ. ಆ ದಿನ ಗಾಡಿಯ ಕ್ಲಚ್ಚು ಹೋಗಿತ್ತು. ಅವನು ಬೇರೆ ಟ್ರಾಕ್ಟರು ಹಿಡಿದ. ಆದರೂ ಕೊಡುತ್ತೇನೆ ಎಂದದ್ದು ಸುಳ್ಳಲ್ಲವಲ್ಲ.

ಫೆಬ್ರವರಿ ೫, ಬುಧವಾರ. ಕಿಕ್ಕೇರಿ

ಚಿಕ್ಕಪ್ಪನ ಮಗ ಚಿಕ್ಕಸ್ವಾಮಿಯ ಮನೆ. ಕುಂಕುಮ ಆಯಿತು, ಪತ್ರಿಕೆ ಆಯಿತು, ಕಾಫಿ ಬಂತು. ಅವನು ಕೇಳುವ ಮೊದಲೇ ನಾನು ಶುರು ಮಾಡಿದೆ. "ಕರಿಯಯ್ಯನ್ ಕರ್ದಿದ್ದಾಯ್ತು ಕಣ್ಲಾ, ಎಂಗ್ ಅತ್ತ ಅಂದ್ರೆ..."

"ಯಾವಾಗಣ್ಣ?"

"ಮೊದ್ಲ್ ದಿನ್ವೇ."

ಚಿಕ್ಕಸ್ವಾಮಿ ಲೋಟ ಕೆಳಗಿಟ್ಟ. "ನೆನ್ನೆ ನಾನೇ ಕರಿಯಯ್ನೋರ್ಗೆ ಫೋನ್ ಮಾಡಿದ್ದೆ. ನೀವ್ ಆ ಕಡೆ ತಲೇನೇ ಆಕಿಲ್ವಂತೆ. ದೊಡ್ತಾಯಮ್ಮ ಒಂದ್ ಸಲಿ, ಚಲುವಮ್ಮ ಒಂದ್ ಸಲಿ ಫೋನ್ ಮಾಡಿ, ಅಂತೂ ಒಂದಾದ್ರಲ್ಲ ಅಂದ್ರಂತೆ. ನಾನ್ ಅತ್ತಿದ್ ನಂಗೇ ಗೊತ್ತಿಲ್ಲ ಕಣ್ಲಾ ಚಿಕ್ಕ ಅಂದ್ರು."

ಅವನ ಹೆಂಡತಿ ಬಾಯಿಗೆ ಸೆರಗು ಇಟ್ಟುಕೊಂಡು ಒಳಗೆ ಹೋದಳು. ನಾನೂ ನಗಬೇಕೆಂದುಕೊಂಡೆ. ಬೀರಮ್ಮ ಆಗಲೇ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಬಗ್ಗಲಾಗದೆ ಕಾಲಿನಲ್ಲೇ ಹುಡುಕುತ್ತಿದ್ದಳು.

ಫೆಬ್ರವರಿ ೬, ಗುರುವಾರ

ಯಾರನ್ನೂ ಕರೆಯಲಿಲ್ಲ. ಬೀರಮ್ಮ ಇವತ್ತು ಮಾತಾಡಿದ್ದು ಎರಡು. ನಾಯಿಗಳನ್ನು ನೋಡಿ "ನೀರ್ ಕುಡ್ಸು." ನನ್ನನ್ನು ನೋಡಿ "ನಾಳೆ."

ಫೆಬ್ರವರಿ ೭, ಶುಕ್ರವಾರ. ಕರಿಯಯ್ಯನ ಊರು

ಹತ್ತು ಗಂಟೆಗೆ ತಲುಪಿದೆವು. ಕರಿಯಯ್ಯ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಗಾಡಿ ನೋಡಿ ಎದ್ದ, ಇಳಿದ ನನ್ನನ್ನು ನೋಡಿ ಕುಳಿತ. ಕೂದಲೆಲ್ಲ ಬೆಳ್ಳಗಾಗಿದೆ. ಎಂಟು ವರ್ಷ ನೋಡಿರಲಿಲ್ಲವಲ್ಲ, ಒಂದೇ ದಿನದಲ್ಲಿ ಮುದುಕನಾದ ಹಾಗೆ ಕಂಡಿತು.

"ಏನವ್ವ, ಚೆಂದಾಗಿದ್ದೀಯಾ?" ಎಂದು ತಂಗಿಯನ್ನು ಕೇಳಿದ.

"ಮಗಿನ್ ಮದ್ವೆ ಅಣ್ಣ. ಕರ್ಯಕ್ಕೆ ಬಂದೋ."

"ಆಗ್ಲೇ ಕರ್ದೋಗಿದ್ದೀರಂತಲ್ಲ. ಮೊಸ್ರನ್ನ ಬೇರೆ ಉಂಡಿದ್ದೀರಂತೆ. ಎಲ್ಡೆಲ್ಡ್ ಸಲಿ ಯಾಕ್ ಕರೀತೀರಿ, ಓಗ್ಬನ್ನಿ." ಹಗ್ಗ ಹೊಸೆಯುವುದು ನಿಲ್ಲಿಸಲಿಲ್ಲ.

ಅವನ ಹೆಂಡತಿ ಮಾರಮ್ಮ ಬಾಗಿಲಿಗೆ ಬಂದಳು. "ನೀನ್ ಒಳಕ್ ಬಾ ಬೀರಮ್ಮ. ಬಿಸ್ಲಾಗೆ ಯಾಕ್ ನಿಂತಿದ್ದೀಯೆ?"

"ಒಬ್ಳೇ ಬಂದ್ರೆ ಕರ್ದಂಗ್ ಆಯ್ತದಾ ಅತ್ಗೆ? ಬಂದ್ರೆ ಇಬ್ರೂವೆ ಬತ್ತೀವಿ."

"ಅಂಗಾರೆ ಅಲ್ಲೇ ಇರು" ಎಂದ ಕರಿಯಯ್ಯ.

"ಇರ್ತೀನಿ."

ಹೇಳಿದಂತೆಯೇ ಮಾಡಿದಳು. ಗಾಡಿ ಹತ್ತಿ ಹಲಗೆಯ ಮೇಲೆ ಮಲಗಿದಳು. ಬೇರೆ ನೆಂಟರಾಗಿದ್ದರೆ ಕೊನೆಯ ಬಸ್ಸು ತಪ್ಪುತ್ತದೆ ಎಂಬ ನೆಪ ಇರುತ್ತಿತ್ತು. ನಮಗೆ ಅದೂ ಇಲ್ಲ. ಹಾಸಿಗೆ ಇದೆ, ಒಲೆ ಇದೆ, ಟ್ಯಾಂಕಿನ ತುಂಬ ನೀರಿದೆ. ಎಲ್ಲಿ ಬೇಕಾದರೂ ಎಷ್ಟು ದಿನ ಬೇಕಾದರೂ ಇರಬಹುದು ಎಂದು ಊರೂರಿಗೆ ಹೇಳಿಕೊಂಡು ಬಂದವನು ನಾನೇ. ಗಾಡಿಯನ್ನು ಅವನ ಮನೆಯೆದುರಿನ ಬಯಲಿನ ಹುಣಸೆಮರದ ಕೆಳಗೆ ನಿಲ್ಲಿಸಿದೆ. ಅಲ್ಲಿಂದ ಆ ಬಾಗಿಲು ನೇರ ಕಾಣುತ್ತದೆ.

ಫೆಬ್ರವರಿ ೮, ಶನಿವಾರ. ಅಲ್ಲೇ

ಮಾರಮ್ಮ ಬೆಳಗ್ಗೆ ಬೀರಮ್ಮನಿಗೆ ರೊಟ್ಟಿ ತಂದಳು. ನಾಯಿಗಳಿಗೆ ಬೇರೆ ಪಾತ್ರೆಯಲ್ಲಿ ಮುದ್ದೆ. ನನಗೆ ಏನೂ ಇಲ್ಲ. ಮಧ್ಯಾಹ್ನವೂ ಹಾಗೇ. ಬೀರಮ್ಮ ತನ್ನದರಲ್ಲಿ ಅರ್ಧ ಎತ್ತಿಟ್ಟಳು, ಕೈಗೆ ಕೊಡಲಿಲ್ಲ, ಒಲೆಯ ಪಕ್ಕ ಇಟ್ಟು ಮಗ್ಗುಲಾದಳು.

ಊರಿನವರು ಮನೆಗಾಡಿ ನೋಡಲು ಬಂದರು. ಒಬ್ಬ ಹೆಂಗಸು ಒಲೆ, ಟ್ಯಾಂಕು ಎಲ್ಲ ನೋಡಿ, "ಇದೂ ನೀವೇ ಮಾಡ್ಸಿದ್ದಾ? ಅಲ್ಲಿ ಬಾಗ್ಲು, ಇಲ್ಲಿ ಗಾಡಿ. ದೊಡ್ಡ ಕೈ ಬುಡಿ ನಿಮ್ದು" ಎಂದಳು. ನಿಜಕ್ಕೂ ಹೊಗಳಿದಳೋ ಏನೋ. ಕರಿಯಯ್ಯ ಎದುರು ಜಗುಲಿಯ ಮೇಲೇ ಇದ್ದ, ಕೇಳಿಸಿರಬೇಕು. ನಾನು ನಾಯಿಗೆ ನೀರು ಇಡುವವನ ಹಾಗೆ ಗಾಡಿಯ ಹಿಂದಕ್ಕೆ ಹೋದೆ.

ಅಮಲ್ದಾರ ಬೆಳಗಿನಿಂದ ಕರಿಯಯ್ಯನ ಜಗುಲಿಯ ಮೇಲೆ. ಅವನು ಅದರ ಕಿವಿಯ ಉಣ್ಣೆ ಕೀಳುತ್ತಾನೆ. ನೆರಳು ಸರಿದ ಹಾಗೆ ಅದು ಒಳಗೂ ಹೋಗುತ್ತದೆ. ಎಣಿಸಿದೆ, ಇವತ್ತು ಆ ಹೊಸ್ತಿಲನ್ನು ನಾಲ್ಕು ಸಲ ದಾಟಿತು.

ಇನ್ನೊಂದು ತಿದ್ದುಪಡಿ. ಮರ ಸಾಗಿಸಲು ಗಾಡಿ ಕೊಡುತ್ತೇನೆ ಎಂದೂ ಹೇಳಿರಲಿಲ್ಲ. ಗೃಹಪ್ರವೇಶದ ದಿನ ಎಲ್ಲರೂ ಕರಿಯಯ್ಯನ ಬೆನ್ನು ತಟ್ಟುತ್ತಿದ್ದರು. ನಾನು ಊಟದ ಪಂಕ್ತಿಯ ಪಕ್ಕ ನಿಂತಿದ್ದೆ, ಯಾರೂ ಏನೂ ಕೇಳಲಿಲ್ಲ. ಮೈಕು ಅಲ್ಲೇ ಕೈಗೆ ಸಿಗುವಂತಿತ್ತು. ಅಷ್ಟೇ ನಡೆದದ್ದು.

ಫೆಬ್ರವರಿ ೯, ಭಾನುವಾರ

ಟೀಗೆ ಹಾಲು ಬೇಕಿತ್ತು. ಆರೂವರೆಗೆ ಚೆಂಬು ಹಿಡಿದು ಹಾಲಿನ ಡೈರಿಗೆ ಹೋದೆ. ಇಡೀ ಊರೇ ಕ್ಯಾನು ಹಿಡಿದು ಸಾಲಿನಲ್ಲಿತ್ತು. ಕರಿಯಯ್ಯ ನಾಲ್ಕನೆಯವನು. ಹಾಲು ಅಳೆಯುತ್ತಿದ್ದ ಸೆಕ್ರೆಟರಿ ತಿಮ್ಮೇಶ ಹಳೆಯ ಪರಿಚಯ. ನಾನು ವ್ಯಾನು ಓಡಿಸುವಾಗ ಅಲ್ಲಿ ಕ್ಯಾನು ಎತ್ತಿಕೊಡುತ್ತಿದ್ದ.

"ಏನ್ ಅಂದಾನಯ್ನೋರೆ, ನಿಮ್ ಬಾಗ್ಲು ನೆಟ್ಟಗ್ ಐತಾ ಅಂತ ನೋಡ್ಕಂಡ್ ಓಗಕ್ಕೆ ಬಂದ್ರಾ?" ಎಂದ.

ಸಾಲು ನಕ್ಕಿತು. ನಾನು ರಾತ್ರಿಯೆಲ್ಲ ಒಂದು ಮಾತು ಹೊಂದಿಸಿಕೊಂಡಿದ್ದೆ. ಅದರಲ್ಲಿ ಎರಡು ತಮಾಷೆ ಇದ್ದವು, ಜನ ನಗುತ್ತಿರುವಾಗಲೇ ವಿಷಯ ದಾಟಿಸುವ ಲೆಕ್ಕ. ಆದರೆ ಬಾಯಿಗೆ ಬಂದದ್ದು ಬೇರೆ.

"ಆ ಬಾಗ್ಲು ನಂದಲ್ಲ ಕಣಯ್ಯ. ಅದ್ರಾಗೆ ಒಂದ್ ಮೊಳೆನೂ ನಂದಲ್ಲ. ಅವತ್ ಸುಳ್ಳೇಳ್ದೆ."

"ಮೈಕ್ನಾಗ್ ಏಳಿದ್ರಲ್ಲ?"

"ಮೈಕ್ನಾಗೂ ಸುಳ್ಳೇಳ್ಬೋದು."

ಈ ಸಲ ಯಾರೂ ನಗಲಿಲ್ಲ. ತಿಮ್ಮೇಶ ಅಳತೆಯ ಪಾತ್ರೆ ಹಿಡಿದುಕೊಂಡೇ ನಿಂತ. ನಾನು ಮುಂದುವರಿಸಿದೆ. "ಮೊನ್ನೆ ಮೊನ್ನೇನೂ ಏಳ್ದೆ. ಬಾವನ್ ಕರ್ದಾಯ್ತು, ಅವ್ರು ಅತ್ರು ಅಂತ. ಕರ್ದಿರ್ನಿಲ್ಲ. ಅವ್ರು ಅತ್ತಿರ್ನಿಲ್ಲ."

ಭಾವನ ಸರದಿ ಬಂತು. ಹಾಲು ಸುರಿದರು, ಯಂತ್ರದಲ್ಲಿ ಫ್ಯಾಟು ಎಷ್ಟು ಬಂತು ನೋಡಿದರು, ಚೀಟಿ ಮಡಚಿ ಜೇಬಿಗಿಟ್ಟರು. ನನ್ನ ಮುಂದೆ ಬಂದು, "ದಾರಿ ಬುಡು" ಎಂದರು. ಬಿಟ್ಟೆ. ಎಂಟು ವರ್ಷಕ್ಕೆ ಎರಡು ಮಾತು.

ಬೀರಮ್ಮನಿಗೆ ಏನೂ ಹೇಳಲಿಲ್ಲ. ಅವಳು ಟೀ ಕುಡಿದು, "ಡೈರೀಲಿ ಏನೋ ಮಾತಾಡಿದ್ಯಂತೆ" ಎಂದಳು. ಹಾಲು ಒಲೆಯ ಮೇಲೆ ಕಾಯುವಷ್ಟರಲ್ಲಿ ಸುದ್ದಿ ಗಾಡಿಗೆ ಬಂದು ಮುಟ್ಟಿತ್ತು.

ಮಧ್ಯಾಹ್ನ ಯಾರೂ ಊಟ ತರಲಿಲ್ಲ, ಅವಳಿಗೂ ಇಲ್ಲ, ನಾಯಿಗಳಿಗೂ ಇಲ್ಲ. ಕೆಲಸ ಕೆಟ್ಟಿತು ಎಂದುಕೊಂಡೆ. ಅನ್ನಕ್ಕೆ ಇಟ್ಟೆ. ಬೀರಮ್ಮ ಮಲಗಿದ್ದಲ್ಲಿಂದಲೇ ನೀರು ಎಷ್ಟು ಎಂದು ಹೇಳಿಕೊಟ್ಟಳು. ಮದುವೆಯಾದ ನಲವತ್ತು ವರ್ಷದಲ್ಲಿ ನಾನು ಅನ್ನ ಮಾಡಿದ್ದು ಇದೇ ಮೊದಲು. ಸ್ವಲ್ಪ ಸೀದಿತು.

ಫೆಬ್ರವರಿ ೧೦, ಸೋಮವಾರ

ಬೆಳಗ್ಗೆ ಮಾರಮ್ಮ ಬರಿಗೈಯಲ್ಲಿ ಬಂದು ಗಾಡಿಯ ಪಕ್ಕ ನಿಂತಳು. "ಕುಂಕ್ಮ ತಕಂಡ್ ಬರ್ಬೇಕಂತೆ. ಇಬ್ರೂವೆ."

ಬೀರಮ್ಮ ಇಟ್ಟುಕೊಂಡಿದ್ದ ಹೊಸ ಸೀರೆ ಉಟ್ಟಳು. ನಾನು ಪಂಚೆ ಬದಲಾಯಿಸಿದೆ. ತಟ್ಟೆ ನನ್ನ ಕೈಯಲ್ಲಿತ್ತು. ಹೊಸ್ತಿಲ ಹತ್ತಿರ ಹೋಗಿ ನಿಂತುಬಿಟ್ಟೆ.

ಭಾವ ಒಳಗೆ ಚಾಪೆಯ ಮೇಲೆ ಕುಳಿತಿದ್ದರು. "ನೋಡ್ಲಾ ಚೆನ್ನಾಗಿ. ಇದು ಯಾವ್ ಮರ?"

"ತೇಗ ಅಲ್ವಾ ಬಾವ?"

"ಅಲಸು ಕಣ್ಲಾ. ನಮ್ಮವ್ವ ಇತ್ತಲಲ್ಲಿ ನೆಟ್ಟಿದ್ ಮರ. ಅವ್ವ ತೀರ್ಕಂಡ್ ವರ್ಸಕ್ಕೆ ಮರ ಒಣಗ್ತು. ಒಲೆಗ್ ಇಕ್ಕಕ್ಕೆ ಮನ್ಸ್ ಬರ್ನಿಲ್ಲ, ಬಾಗ್ಲುವಾಡ ಮಾಡ್ಸಿ ನಿಲ್ಸಿದ್ದೆ. ನೀನು ಮೈಕ್ ತಕಂಡು ನಂದು ಅಂದ್ಬುಟ್ಟೆ."

ನಾನು ನೋಡಿದೆ. ಎಂಟು ವರ್ಷ ನನ್ನದೆಂದು ಹೇಳಿಕೊಂಡ ಬಾಗಿಲನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅರಿಶಿನ ಹಚ್ಚಿ ಹಚ್ಚಿ ಹೊಸ್ತಿಲ ನಡುವೆ ಸವೆದಿದೆ. ಮದುವೆಯಾದ ಹೊಸದರಲ್ಲಿ ಅತ್ತೆ ಆ ಮರದ ಹಲಸಿನ ಹಣ್ಣು ಬಿಡಿಸಿ ಕೊಡುತ್ತಿದ್ದರು. ನಾನು ಒಂದೇ ಸಲಕ್ಕೆ ಎಷ್ಟು ತೊಳೆ ತಿಂದೆ ಎಂದು ನಮ್ಮೂರಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ಪಕ್ಕದಲ್ಲಿ ಬೀರಮ್ಮ ಒಂದು ಕೈಯನ್ನು ಬಾಗಿಲುವಾಡದ ಮೇಲೆ ಇಟ್ಟು ನಿಂತಿದ್ದಳು. ಸೊಂಟಕ್ಕೆ ಆಸರೆಗೆ ಇರಬಹುದು. ಅವಳ ಮುಖ ನೋಡಲಿಲ್ಲ.

"ಬಲಗಾಲ್ ಮಡಗ್ಲಾ ಅಂದಾನಿ. ತಟ್ಟೆ ಇಡ್ಕಂಡ್ ಎಷ್ಟೊತ್ ನಿಂತ್ಕತೀಯ?" ಎಂದರು ಭಾವ.

ಒಳಗೆ ಹೋದೆವು. ಬೀರಮ್ಮ ಮಾರಮ್ಮನಿಗೆ ಕುಂಕುಮ ಇಟ್ಟಳು. ನಾನು ಎಲೆ ಅಡಿಕೆಯ ಮೇಲೆ ಪತ್ರಿಕೆ ಇಟ್ಟು ಕೊಟ್ಟೆ. "ಮಗಿನ್ ಮದ್ವೆ ಬಾವ. ನೀವ್ ನಿಂತು ನಡೆಸ್ಕೊಡ್ಬೇಕು." ಬೇರೆ ಮನೆಗಳಲ್ಲಿ ಇದರ ಜೊತೆ ಇನ್ನೂ ನಾಲ್ಕು ಮಾತು ಹೇಳುತ್ತಿದ್ದೆ.

ಪತ್ರಿಕೆಯನ್ನು ದೂರ ಹಿಡಿದು ಪೂರ್ತಿ ಓದಿದರು. ತಮ್ಮ ಹೆಸರು ಇರುವ ಕಡೆ ಸ್ವಲ್ಪ ಹೊತ್ತು ನಿಂತರು. "ಮಗೀನ ನಾನೇ ಕರ್ಕಂಡ್ ಬತ್ತೀನಿ ಮಂಟಪಕ್ಕೆ. ಛತ್ರದಾಗೆ ಮೈಕ್ ಮಾತ್ರ ಮಡಗ್ಬ್ಯಾಡಿ."

ಮಾರಮ್ಮ ಮೊದಲು ನಕ್ಕಳು, ಆಮೇಲೆ ಬೀರಮ್ಮ. ಬೀರಮ್ಮ ನಕ್ಕಾಗ ಸೊಂಟ ಹಿಡಿದುಕೊಂಡು ಅಯ್ಯಪ್ಪಾ ಎಂದು ಕುಳಿತಳು, ಕುಳಿತವಳು ಅತ್ತಳು. ಭಾವ ಅಳಲಿಲ್ಲ. ಇದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ಊಟ ಮುಗಿಸಿ ಎರಡು ಗಂಟೆಗೆ ಹೊರಟೆವು. ನಾಗಮಂಗಲದಲ್ಲಿ ಇನ್ನು ಎರಡು ಮನೆ. ಅಮಲ್ದಾರನನ್ನು ಜಗುಲಿಯಿಂದ ಎಬ್ಬಿಸಲು ಭಾವನೇ ಬರಬೇಕಾಯಿತು.

ಊರು ದಾಟಿದ ಮೇಲೆ ಬೀರಮ್ಮನನ್ನು ಕೇಳಿದೆ. "ಅದು ನಿಮ್ಮವ್ವನ್ ಮರ ಅಂತ ನಿಂಗ್ ಗೊತ್ತಿತ್ತಾ?"

"ನಾನ್ ಆಡಿದ್ ಮರ, ನಂಗ್ ಗೊತ್ತಿರಕ್ಕಿಲ್ವಾ?"

"ಎಂಟ್ ವರ್ಸ ಯಾಕ್ ಏಳ್ನಿಲ್ಲ?"

"ನೀನ್ ಯಾವತ್ ಕೇಳ್ದೆ?"

ಎರಡು ಗುಂಡಿ ತಪ್ಪಿಸಿ ಓಡಿಸಿದೆ. ಆಮೇಲೆ, ನಾನು ಕೇಳದೆ ಇರುವುದು ಇನ್ನೇನೇನು ಇದೆ ಎಂದು ಕೇಳಿದೆ. ಹಿಂದಿನ ಹಲಗೆಯಿಂದ ಎದ್ದು ಬಂದು ಪಕ್ಕದ ಸೀಟಿನಲ್ಲಿ ಕುಳಿತಳು. "ಮೆಲ್ಲುಕ್ ಓಡ್ಸು, ಏಳ್ತೀನಿ" ಎಂದಳು.

ಮೆಲ್ಲಗೆ ಓಡಿಸಿದೆ. ಅರ್ಧ ಗಂಟೆಯ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಹಿಂದಿನಿಂದ ಬಂದ ಬಸ್ಸುಗಳೆಲ್ಲ ಹಾರನ್ನು ಹೊಡೆದು ಮುಂದೆ ಹೋದವು. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲು ಕುಳಿತರೆ ನಾನು ಏನಾದರೂ ಸೇರಿಸಿಬಿಡುತ್ತೇನೆ.